ಸುಂದರಮ್ಮನ ಹಿತ್ತಲಿಗೆ ಹೋದ ಮಣ್ಣು

ನನಗೆ ಕೋಪ ಜಾಸ್ತಿ ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಂಬತ್ತು ವರ್ಷ ಬೆವರು ಸುರಿಸಿ ಹದ ಮಾಡಿದ ಮಣ್ಣು ಪ್ರತಿ ಮಳೆಗೂ ಪಕ್ಕದ ಮನೆಗೆ ಹೋಗುವುದನ್ನು ನೋಡಿದ್ದರೆ ಅವರಿಗೂ ಬರುತ್ತಿತ್ತು. ಅವರು ಲೆಕ್ಕದ ಮೇಷ್ಟ್ರು. ಮಳೆ ಬಂದರೆ ಕಿಟಕಿ ಮುಚ್ಚಿ ಉತ್ತರಪತ್ರಿಕೆ ತಿದ್ದುತ್ತಾ ಕೂರುವವರು.

ತುಮಕೂರಿನಲ್ಲಿ ನಮ್ಮ ಮನೆ ಇಳಿಜಾರಿನಲ್ಲಿತ್ತು. ನಮ್ಮ ಹಿತ್ತಲು ಮುಗಿಯುವಲ್ಲಿ ನೆಲ ಎದೆಮಟ್ಟ ಕೆಳಗಿಳಿದು ಸುಂದರಮ್ಮನ ಹಿತ್ತಲು ಶುರುವಾಗುತ್ತಿತ್ತು. ನನ್ನ ಗೊಬ್ಬರದ ಮಣ್ಣೆಲ್ಲ ಆಕೆಯ ಪಾತಿಗೆ ಇಳಿಯುತ್ತಿತ್ತು. ಆಕೆ ಅದರಲ್ಲಿ ಬೂದುಗುಂಬಳ ಬೆಳೆದು ನನಗೇ ಒಂದು ಹೋಳು ಕಳಿಸುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು. ಮಜ್ಜಿಗೆಹುಳಿ ಮಾಡಿಕೊಂಡು ತಿನ್ನುತ್ತಿದ್ದೆ, ಅದು ಬೇರೆ ಮಾತು.

ಐವತ್ತೆಂಟನೇ ಇಸವಿಯ ಮುಂಗಾರಿನಲ್ಲಿ ಮಲ್ಲಿಗೆ ಬಳ್ಳಿಯ ಬೇರು ಅರ್ಧ ಹೊರಬಿತ್ತು. ಅದು ಕುಣಿಗಲ್ಲಿನ ತವರಿನಿಂದ ಅಮ್ಮ ಕೊಟ್ಟು ಕಳಿಸಿದ್ದ ಬಳ್ಳಿ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಇನ್ನೊಂದು ಜೋರು ಮಳೆಯಾದರೆ ಬಳ್ಳಿಯೂ ಉಳಿಯುವುದಿಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತೆ. ಅದನ್ನು ನೋಡಿ ಇವರು ಗೂಳೂರಿನಿಂದ ಕಲ್ಲುಕೆಲಸದ ಬೆಟ್ಟಯ್ಯನನ್ನು ಕರೆಸಿದರು.

ಗಾಡಿಯಲ್ಲಿ ಕಲ್ಲು ಬಂತು, ಗಾರೆ ಬಂತು. ಗೋಡೆ ಸೊಂಟದೆತ್ತರ ಏಳುವ ಹೊತ್ತಿಗೆ ಇವರು ತೂಗುಗುಂಡು ಹಿಡಿದು ನಿಂತರು.

"ಬೆಟ್ಟಯ್ಯ, ಗೋಡೆ ವಾಲಿದೆಯಲ್ಲೋ!"

"ವಾಲ್ಲೇಬೇಕು ಮೇಷ್ಟ್ರೇ. ಮಣ್ಣು ಅತ್ಲಾಗೆ ನೂಕ್ತದೆ. ಗೋಡೆ ಇತ್ಲಾಗೆ ಒರಗಿರ್ಬೇಕು."

ಇವರು ಒಳಗಿನಿಂದ ಕೋನಮಾಪಕ ತಂದು ಅಳೆದು, ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟರು. ಬೆಟ್ಟಯ್ಯ ಬೀಡಿ ಹಚ್ಚಿಕೊಂಡ.

ನನ್ನ ಕಣ್ಣು ಗೋಡೆಯ ಬುಡದಲ್ಲಿತ್ತು. ಅಲ್ಲಿ ಮಾರಿಗೊಂದರಂತೆ ಏಳು ತೂತು ಬಿಟ್ಟಿದ್ದ.

"ಇದ್ಯಾಕಪ್ಪ?"

"ನೀರ್ ಹೋಗಾಕೆ ಕಣಮ್ಮಾರೆ. ಯಾವ್ ಕಾರಣಕ್ಕೂ ಮುಚ್ಚಬ್ಯಾಡಿ."

ನೀರು ಹೋಗುವ ದಾರಿಯಲ್ಲಿ ಮಣ್ಣು ಹೋಗದೆ ಇರುತ್ತದೆಯೇ? ಇಷ್ಟೆಲ್ಲ ಮಾಡಿ ಮತ್ತೆ ಆಕೆಗೇ ಏಳು ಬಾಗಿಲು ತೆರೆದುಕೊಟ್ಟಂತಾಯಿತು ಎಂದುಕೊಂಡೆ. ಸುಂದರಮ್ಮ ಗುಬ್ಬಿಗೆ ನೆಂಟರ ಮನೆಗೆ ಹೋದ ದಿನ ಕೆಳಗಿಳಿದು, ತೆಂಗಿನನಾರು ತುರುಕಿ ಮೇಲೆ ಜೇಡಿಮಣ್ಣು ಮೆತ್ತಿ ಏಳನ್ನೂ ಮುಚ್ಚಿದೆ. ಆ ರಾತ್ರಿ ಸುಖವಾಗಿ ನಿದ್ದೆ ಬಂತು.

ಹಿಂಗಾರಿನ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಸುರಿಯಿತು. ಹಿಡಿ ಮಣ್ಣೂ ಹೋಗಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಬೀಗಿದೆ. ಅರ್ಧ ಗಂಟೆಯಲ್ಲಿ ಹಿತ್ತಲು ಕೆರೆಯಾಯಿತು, ಮಲ್ಲಿಗೆಯ ಬುಡ ಮುಳುಗಿತು. ಕೆಳಗಿನಿಂದ ಸುಂದರಮ್ಮನ ಕೂಗು ಕೇಳಿಸಿತು.

"ಕೌಸಲ್ಯಮ್ಮಾ! ನಿಮ್ ಗೋಡೆ ಹೊಟ್ಟೆ ಬಿಡ್ತಾ ಇದೆ, ಬನ್ರೀ!"

ಗೋಡೆ ಬಿದ್ದರೆ ಮಣ್ಣಿನ ಜೊತೆಗೆ ಅಮ್ಮನ ಬಳ್ಳಿಯೂ ಹೋಗುತ್ತದೆ. ಸೀರೆ ಎತ್ತಿಕಟ್ಟಿ ಓಡಿದೆ. ಸುಂದರಮ್ಮ ಆಗಲೇ ನುಗ್ಗೇಕಾಯಿ ಕೀಳುವ ದೋಟಿ ಹಿಡಿದು ನಿಂತಿದ್ದಳು. ಗೋಡೆಗೆ ಎದುರಾಗದೆ ಪಕ್ಕದಲ್ಲಿ ನಿಂತು ಇಬ್ಬರೂ ಸೇರಿ ಕೊಕ್ಕೆ ಹಾಕಿ ನಾರು ಎಳೆದೆವು. ಮೊದಲ ತೂತಿನಿಂದ ಚಿಮ್ಮಿದ ಕೆಸರುನೀರು ನೆಲಕ್ಕೆ ಬಡಿದು ನನ್ನ ಮುಖಕ್ಕೆ ಸಿಡಿಯಿತು. ಏಳನೆಯದು ತೆರೆಯುವಷ್ಟರಲ್ಲಿ ಯಾರು ಯಾರೆಂದು ಗುರುತು ಸಿಗದಂತಾಗಿದ್ದೆವು. ಗೋಡೆ ನಿಂತಿತು. ಬಳ್ಳಿಯೂ ನಿಂತಿತು.

"ಯಾವ ಬುದ್ಧಿವಂತರು ಮುಚ್ಚಿದ್ದು ಇದನ್ನ?" ಎಂದಳು ಸುಂದರಮ್ಮ.

"ನಾನೇ ಕಣ್ರೀ. ನನ್ ಮಣ್ಣು ನಿಮಗೆ ಸಿಗಬಾರದು ಅಂತ."

ಆಕೆ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಲಾರದೆ ಕೆಸರಿನಲ್ಲೇ ಕೂತುಬಿಟ್ಟಳು.

"ಅಲ್ರೀ, ಒಂದ್ ಮಾತು ಕೇಳಿದ್ರೆ ಬುಟ್ಟೀಲಿ ತುಂಬಿ ಮೇಲಕ್ಕೆ ಕೊಡ್ತಿದ್ದೆ. ನೀವು ಮುಖ ಊದಿಸ್ಕೊಂಡೇ ಇದ್ರಿ. ಮಾತಿಗೆ ಬರ್ಲಿ ಅಂತ ವರ್ಷಾ ವರ್ಷಾ ಕುಂಬಳಕಾಯಿ ಕಳಿಸ್ದೆ."

ನನಗೆ ನಾಚಿಕೆಯಾಯಿತು. ನಗುವೂ ಬಂತು. ಮಳೆ ನಿಲ್ಲುವ ಹೊತ್ತಿಗೆ ತೂತುಗಳಿಂದ ತಿಳಿನೀರಷ್ಟೇ ಬರುತ್ತಿತ್ತು.

ಮಾರನೆಯ ದಿನ ಬೆಟ್ಟಯ್ಯ ಬಂದು ಸಡಿಲಾಗಿದ್ದ ನಾಲ್ಕು ಕಲ್ಲು ಬಿಚ್ಚಿ ಕೂರಿಸಿದ. ತೂತು ಮುಚ್ಚಿದ್ದು ಇವರ ಕೆಲಸವೇ ಎಂದುಕೊಂಡು ಬಾಯಿಗೆ ಬಂದಂತೆ ಬೈದ. ಇವರು ನನ್ನ ಕಡೆ ನೋಡಿ ಸುಮ್ಮನೆ ಬೈಸಿಕೊಂಡರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಅವನು ಹೋದ ಮೇಲೆ ನನ್ನ ಪಾತಿಯ ಕಪ್ಪು ಮಣ್ಣನ್ನು ಎರಡು ಬುಟ್ಟಿ ತುಂಬಿಸಿ, ಗೋಡೆಯ ಮೇಲಿನಿಂದ ಸುಂದರಮ್ಮನ ಹಿತ್ತಲಿಗೆ ಸುರಿದೆ.

"ಸಾಕೇನ್ರೀ?"

ಆಕೆ ಸೊಂಟದ ಮೇಲೆ ಕೈಯಿಟ್ಟು ರಾಶಿ ನೋಡಿದಳು. "ಇನ್ನೊಂದ್ ಬುಟ್ಟಿ ಹಾಕ್ರೀ, ಜಿಪುಣಿ!"

ಇವರಿಗೆ ಕೇಳಿಸುವಷ್ಟು ಜೋರಾಗಿ ನಗುತ್ತಾ ಮತ್ತೆ ಗುದ್ದಲಿ ಹಿಡಿದೆ.