ಯಾವ ಬಿ?

ಫೋನು ಹಿಡಿದುಕೊಂಡು ಜಗುಲಿಗೂ ಅಡುಗೆಮನೆಗೂ ಅಲೆಯುತ್ತಿದ್ದೇನೆ. ತಾಳಗುಂದದಲ್ಲಿರುವ ಮಗಳು ನಯನ ತುಂಬಿದ ಬಸುರಿ. ಅವಳ ರಕ್ತದ ರಿಪೋರ್ಟು ಇವತ್ತು ಬರಬೇಕು. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ, ಹಾಳಾಗಿ ಹೋಗಲಿ.

"ಒಂದ್ ಕಡೆ ಕೂತ್ಕಳೇ ಬಂಗಾರಿ," ಎಂದರು ಗಂಡ ವೀರಬಸಪ್ಪ.

"ನೀವ್ ಸುಮ್ನಿರ್ರೀ! ನಿಮ್ಮಿಂದಾನೇ ಇಷ್ಟೆಲ್ಲ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇಟ್ಟುಕೊಂಡು ಕೂತ ಮನುಷ್ಯ.

ಇವರು ಹನಿ ಹೆಂಡ ಮುಟ್ಟಿದವರಲ್ಲ. ಆದರೂ ನಮ್ಮ ಹೊಸಬಾಳೆಯ ಜನ "ಕದ್ದು ಕುಡೀತಿದ್ದ" ಎಂದರು. ಎಡವಟ್ಟಾದದ್ದು ಬೇರೆ. ವರ್ಷಗಳ ಹಿಂದೆ ಶಿಕಾರಿಪುರದಲ್ಲಿ ಇವರು ರಕ್ತ ಕೊಟ್ಟಾಗ, "ಹೆಪಟೈಟಿಸ್ ಬಿ ಪಾಸಿಟಿವ್ ಇದೆ, ಡಾಕ್ಟರಿಗೆ ತೋರಿಸಿ" ಎಂದು ಫೋನು ಬಂದಿತ್ತು. ಇವರ ಕಿವಿಗೆ ಬಿದ್ದದ್ದು ಬಿ ಪಾಸಿಟಿವ್ ಅಷ್ಟೇ. ರಕ್ತದ ಗುಂಪು ಗೊತ್ತಾಯಿತೆಂದು ಹಿಗ್ಗಿ, ಬೈಕಿನ ಹಿಂದೆ ಕೆಂಪಕ್ಷರದಲ್ಲಿ ಬರೆಸಿಕೊಂಡು ಮೆರೆದರು! ರೋಗದ ಬೋರ್ಡು ಹೊತ್ತು ಊರು ಸುತ್ತಿದ ಪುಣ್ಯಾತ್ಮ.

ಶಿವಮೊಗ್ಗದ ಡಾಕ್ಟರು ಬಿಡಿಸಿ ಹೇಳಿದ್ದರು: "ಆ ವೈರಸ್ಸು ತನ್ನ ಡಿಎನ್‌ಎ ತುಂಡನ್ನ ನಮ್ಮ ಲಿವರಿನ ಜೀವಕೋಶದ ಡಿಎನ್‌ಎ ಒಳಗೇ ಸೇರಿಸಿಬಿಡುತ್ತಮ್ಮ. ಎಷ್ಟೋ ವರ್ಷ ಗೊತ್ತೇ ಆಗಲ್ಲ. ಆಮೇಲೆ ಜೀವಕೋಶ ಲಂಗುಲಗಾಮಿಲ್ಲದೆ ಬೆಳೆದು ಗಡ್ಡೆ ಆಗಬಹುದು."

"ಅಂದ್ರೆ, ಗೇಣಿಗೆ ಬಂದೋನು ನಮ್ಮ ಗದ್ದೆ ಪಹಣೀಲೇ ಹೆಸರು ಸೇರಿಸ್ಕಂಡಂಗೆ," ಎಂದಿದ್ದೆ ನಾನು.

"ಹಾಗೇ. ಸೇರಿದ ಮೇಲೆ ತೆಗೆಯೋ ಔಷಧಿ ಇನ್ನೂ ಇಲ್ಲ. ರಕ್ತದಿಂದ ಮನೆಯವರಿಗೂ ಅಂಟಿರಬಹುದು, ಎಲ್ಲರೂ ಟೆಸ್ಟ್ ಮಾಡಿಸಿ. ಬಸುರಿಗೆ ಇದ್ದರೆ ಹೆರಿಗೆಯಲ್ಲಿ ಮಗುವಿಗೂ ಹೋಗುತ್ತೆ. ಹುಟ್ಟಿದ ಕೂಡಲೇ ಸೂಜಿ ಹಾಕಿಸಿದರೆ ಬಹಳ ಮಟ್ಟಿಗೆ ತಡೀಬಹುದು."

ನನಗೆ ಇಲ್ಲವೆಂದು ಬಂತು. ನಯನಳದ್ದೊಂದೇ ಬಾಕಿ.

ಫೋನು ಬಡಿದುಕೊಂಡಿತು.

"ಅಮ್ಮಾ, ಬಿ ಪಾಸಿಟಿವ್ ಅಂತೆ."

"ಯಾವ ಬಿ ಮಾರಾಯ್ತಿ? ರಕ್ತದ ಗುಂಪಿಂದೋ, ಆ ಹಾಳಾದ್ದೋ?"

ಅವಳು ಬಿಕ್ಕಿದಳು. "ಅಪ್ಪಂದೇ, ಅಮ್ಮಾ."

ಹೊಸ್ತಿಲ ಮೇಲೆ ಕೂತೆ. ಇವರು ನನ್ನ ಮುಖ ನೋಡಿದರು. ಗೋಡೆ ಹಿಡಿದು ಎದ್ದು ಹೋಗಿ, ಉಕ್ಕಿ ಸೀಯುತ್ತಿದ್ದ ಹಾಲಿನ ಒಲೆ ಆರಿಸಿದರು.

"ಅಳಬ್ಯಾಡ," ಎಂದೆ ಮಗಳಿಗೆ. "ಹೆರಿಗೆ ಆಸ್ಪತ್ರೇಲೇ ಆಗ್ಲಿ. ಸೂಜಿ ಹಾಕೋ ತನಕ ನರ್ಸಮ್ಮನ ಸೆರಗು ಬಿಡಲ್ಲ ನಾನು. ನಿನ್ನ ಮಗೀನ ಪಹಣೀಗೆ ಆ ಹೆಸರು ಹತ್ತೋ ಮೊದ್ಲೇ ತಕರಾರು ಹಾಕ್ತೀನಿ ಕಣೇ!"