ಅಕ್ಕನ ಟಿಕೆಟ್ಟಿನಲ್ಲಿ ಒಂದು ವರ್ಷ

ನನ್ನ ಚಿಕ್ಕತ್ತೆ ನಿಶ್ಚಲವಾಗಿ ನಿಂತ ಮನೆಯೊಳಗೂ ಓಡುವ ರೈಲಿನಲ್ಲಿರುವಂತೆಯೇ ನಡೆಯುತ್ತಾಳೆ. ಪಾದಗಳನ್ನು ತುಸು ಅಗಲಿಸಿ, ಮೊಣಕಾಲನ್ನು ಕೊಂಚ ಸಡಿಲ ಬಿಟ್ಟು, ಎಡಗೈಯಿಂದ ಊಟದ ಮೇಜಿನ ಅಂಚನ್ನೂ ಬಲಗೈಯಿಂದ ಕುರ್ಚಿಯ ಬೆನ್ನನ್ನೂ ಸವರುತ್ತ, ಯಾವ ಗಳಿಗೆಯಲ್ಲಾದರೂ ನೆಲ ಎತ್ತಿ ಹಾಕೀತೆಂಬ ಎಚ್ಚರದಲ್ಲಿ ಅಡುಗೆಮನೆಯಿಂದ ಈಚೆ ಬರುವ ಆ ನಡಿಗೆಯನ್ನು ಕಂಡರೆ, ಮನೆಯೇ ಎಲ್ಲಿಗೋ ಹೊರಟಿದೆ, ನಮಗೆ ಮಾತ್ರ ಯಾರೂ ತಿಳಿಸಿಲ್ಲ ಅನ್ನಿಸುತ್ತದೆ. ವೃತ್ತಿಜೀವನವನ್ನೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ಸವೆಸಿದವಳು ಅವಳು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಬಾಗಿಲು ತೆಗೆದಾಗ ಮೊದಲು ನೋಡುವುದು ಬಂದವರ ಮುಖವನ್ನಲ್ಲ, ಕೈಯನ್ನು. ಹಾಲಿನವನೂ, ಡಾಕ್ಟರೂ, ನಾನೂ ತೋರಿಸಲು ಏನೂ ಇಲ್ಲದ ಅಪರಾಧಕ್ಕೆ ತಲೆತಗ್ಗಿಸಿಯೇ ಒಳಗೆ ಕಾಲಿಡುತ್ತೇವೆ.

ಮಾತಿನಲ್ಲಿಯೂ ಅವಳು ಬೋಗಿಯಿಂದ ಬೋಗಿಗೆ ಸಾಗುವವಳೇ. ಯಾರು ಏನು ಹೇಳಿ ಮುಗಿಸಿದರೂ ಅವಳದು ಒಂದೇ ಉತ್ತರ: "ಮುಂದೆ?" ನನ್ನ ಮದುವೆ ನಿಶ್ಚಯವಾದ ಸುದ್ದಿ ತಂದಾಗಲೂ "ಸರಿ, ಮುಂದೆ?" ಎಂದಿದ್ದಳು. ಆ ಪ್ರಶ್ನೆಗೆ ನಾನೂ ನನ್ನ ಗಂಡನೂ ಇವತ್ತಿಗೂ ಉತ್ತರ ಹುಡುಕುತ್ತಿದ್ದೇವೆ.

ಇನ್ನು ಅವಳ ಕೋಟು. ಕಪ್ಪು ಉಣ್ಣೆಯದು, ಮೊಣಕೈಯಲ್ಲಿ ಹೊಳಪೇಳುವಷ್ಟು ಸವೆದದ್ದು, ಪುಟ್ಟ ಚಕ್ರದ ಗುರುತಿರುವ ಹಿತ್ತಾಳೆಯ ಗುಂಡಿಗಳದ್ದು. ಸೆಕೆಯಿರಲಿ ಚಳಿಯಿರಲಿ, ಮನೆಯಲ್ಲೂ ಹೊರಗೂ ಅದನ್ನು ತೊಟ್ಟೇ ಇರುತ್ತಿದ್ದಳು. "ಇಷ್ಟು ಜೇಬು ಬೇರೆ ಯಾವುದರಲ್ಲಿದೆ ಹೇಳು" ಎಂಬುದು ಅವಳ ವಾದ. ಹಿಂದೆ ಪೆನ್ಸಿಲು, ಟಿಕೆಟ್ಟಿಗೆ ತೂತು ಹಾಕುವ ಪಂಚು ಇರುತ್ತಿದ್ದ ಜೇಬುಗಳಲ್ಲಿ ಕಳೆದ ವರ್ಷವೆಲ್ಲ ಗುಳಿಗೆ, ಥರ್ಮಾಮೀಟರು ಮತ್ತು ದಾರದ ಉಂಡೆಗಳಿದ್ದವು. ದಾರ ಅವಳ ದಾರಿಗೆ ಅಡ್ಡ ಬಂದದ್ದು ದೊಡ್ಡತ್ತೆಯ ದೆಸೆಯಿಂದ.

ದೊಡ್ಡತ್ತೆ ಅಂದರೆ ಚಿಕ್ಕತ್ತೆಯ ಅಕ್ಕ, ಅದೇ ಮನೆಯಲ್ಲಿರುವವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳಾದರೂ ಸಿಸ್ಟರ್ ಎಂಬ ಪದದ ಪೂರ್ಣಾರ್ಥ ತಿಳಿದದ್ದು ಈ ಇಬ್ಬರನ್ನು ನೋಡಿ. ಇಬ್ಬರ ಬಾಂಧವ್ಯದ ಬುನಾದಿಯಲ್ಲಿ ಒಂದು ಹಳೆಯ ಘಟನೆ ಇದೆ. ಒಮ್ಮೆ ದೊಡ್ಡತ್ತೆ ಅವಸರದಲ್ಲಿ ತನ್ನ ಪಾಸಿನ ಬದಲು ಜೊತೆಯ ಟೀಚರೊಬ್ಬಳ ಪಾಸನ್ನು ಕೈಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದಳು. ಬೋಗಿಗೆ ಬಂದದ್ದು ತಂಗಿ. ಪಾಸು ನೋಡಿದಳು, ಮುಖ ನೋಡಿದಳು, "ಇದು ನಿಮ್ಮದಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳೀರಿ" ಎಂದಳು, ಅದೂ ಬಹುವಚನದಲ್ಲಿ. ಇಳಿದ ದೊಡ್ಡತ್ತೆ ಆಮೇಲೆ ಯಾವ ಜಗಳ ಎಲ್ಲಿಂದ ಆರಂಭವಾದರೂ ಅದನ್ನು ಅದೇ ಸ್ಟೇಷನ್ನಿಗೆ ತಂದು ನಿಲ್ಲಿಸುತ್ತಿದ್ದಳು: "ನೀನೋ, ಒಡಹುಟ್ಟಿದೋಳನ್ನ ನಡುದಾರೀಲಿ ಇಳಿಸಿದೋಳು!"

ಕಳೆದ ವರ್ಷದ ಆರಂಭದಲ್ಲಿ ದೊಡ್ಡತ್ತೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುವ ಹೊಲಿಗೆ ಬಳಗವೊಂದರ ಸವಾಲಿಗೆ ಹೆಸರು ಕೊಟ್ಟಳು. ವರ್ಷಪೂರ್ತಿ ಹುಚ್ಚುಕೌದಿ ಹೊಲಿಯುವ ಸವಾಲು. ಸಾಧಾರಣ ಕೌದಿಯ ತುಂಡುಗಳಿಗೆ ಒಂದು ಕ್ರಮ, ಒಂದು ಲೆಕ್ಕಾಚಾರ ಇರುತ್ತದೆ. ಹುಚ್ಚುಕೌದಿಗೆ ಕ್ರಮವೇ ವರ್ಜ್ಯ. ಮಖಮಲ್ಲು, ರೇಷ್ಮೆ, ಹರಿದ ಪರದೆ, ಯಾರದೋ ಟೈ, ಎಲ್ಲವನ್ನೂ ಓರೆಕೋರೆಯಾಗಿ ಕತ್ತರಿಸಿ ಅಡಿಬಟ್ಟೆಯ ಮೇಲೆ ಹಚ್ಚಿ, ತುಂಡಿಗೆ ತುಂಡು ಕೂಡುವ ಪ್ರತಿ ಸಂದಿನ ಮೇಲೂ ಬೇರೆಬೇರೆ ಕಸೂತಿ ಹಾಕಬೇಕು. ತಿಂಗಳಿಗೊಂದು ಚೌಕ, ವರ್ಷದ ಕೊನೆಗೆ ಎಲ್ಲವನ್ನೂ ಕೂಡಿಸಿ ಪ್ರದರ್ಶನದ ಗೋಡೆಗೆ ತೂಗುಹಾಕುವುದು. ನಿಯಮ ಕಠಿಣ: ಹೆಸರು ಕೊಟ್ಟವರದೇ ಕೈ, ಇನ್ನೊಬ್ಬರ ಒಂದು ಹೊಲಿಗೆಯೂ ಕೂಡದು.

"ಜೀವಮಾನವೆಲ್ಲ ನೆಟ್ಟಗೆ ಹೊಲಿಸಿದೀನಿ ಕಣೇ," ಎಂದಳು ದೊಡ್ಡತ್ತೆ ನನ್ನೊಡನೆ, "ಇನ್ನಾದರೂ ಸೊಟ್ಟಗೆ ಹೊಲೀತೀನಿ. ಅದು ಗೋಡೇಲಿ ತೂಗೋದನ್ನ ನೋಡಿಬಿಟ್ಟರೆ ಸಾಕು."

ಎರಡನೆಯ ಚೌಕ ಮುಗಿದ ವಾರ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಮಲಗಿತು, ನಾಲಗೆಯೂ ಮಲಗಿತು. ಆಸ್ಪತ್ರೆಯಿಂದ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತುತ್ತು ಇಟ್ಟರೆ ಬಾಯಿ ಬಿಗಿಯುವಳು, ಹೆಸರು ಹಿಡಿದು ಕರೆದರೆ ಕಣ್ಣು ಮುಚ್ಚುವಳು. ಹೀಗೆ ದಿನಗಳು ಕಳೆಯುತ್ತಿರಲು ಒಂದು ಮಧ್ಯಾಹ್ನ ಚಿಕ್ಕತ್ತೆ, ಮಂಚದ ಪಕ್ಕ ಕೂತು ಮಾಡಲು ಬೇರೇನೂ ತೋಚದೆ, ಅಕ್ಕ ಆರಂಭಿಸಿಟ್ಟಿದ್ದ ಮೂರನೆಯ ಚೌಕವನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕಾರು ಹೊಲಿಗೆ ಹಾಕಿದಳು. ಸೂಜಿ ಹಿಡಿದವಳಲ್ಲ, ಪಂಚು ಹಿಡಿದವಳು. ಹೊಲಿಗೆ ಅದಕ್ಕೆ ತಕ್ಕಂತೆಯೇ ಬಿತ್ತು. ದೊಡ್ಡತ್ತೆ ಮೆಲ್ಲಗೆ ಗೋಡೆಯಿಂದ ಕತ್ತು ತಿರುಗಿಸಿದಳು, ಬಟ್ಟೆಯನ್ನು ನೋಡಿದಳು, ತುಟಿಯ ಒಂದೇ ಮಗ್ಗುಲಿನಿಂದ ಒಂದೇ ಪದ ಹೊರಡಿಸಿದಳು.

"ಬಿಚ್ಚು."

ಕಾಯಿಲೆಯ ಅನಂತರ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಚಿಕ್ಕತ್ತೆ ಬಿಚ್ಚಿದಳು. ಮತ್ತೆ ಹಾಕಿದಳು. ಆ ಸಂಜೆ ದೊಡ್ಡತ್ತೆ ಗಂಜಿ ಕುಡಿದಳು. ಹುಚ್ಚುಕೌದಿಯ ಹುಚ್ಚು ಹಚ್ಚಿಕೊಂಡದ್ದು ಅಕ್ಕ, ಹಚ್ಚಿ ಬಿಚ್ಚುವ ಪಾಡು ತಂಗಿಯದು ಎಂದು ನಾನು ಚಟಾಕಿ ಹಾರಿಸಿದೆ. ಯಾರೂ ನಗಲಿಲ್ಲ, ಆ ಮನೆಯಲ್ಲಿ ನಗುವಷ್ಟು ತ್ರಾಣ ಯಾರಿಗೂ ಉಳಿದಿರಲಿಲ್ಲ.

ಅಲ್ಲಿಂದಾಚೆ ಆ ವರ್ಷದ ದಿನಚರಿಯೆಲ್ಲ ಒಂದೇ ಬಗೆ. ಬೆಳಿಗ್ಗೆ ಅಕ್ಕನ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಉಣಿಸುವುದು, ಕೈಬೆರಳು ಒಂದೊಂದನ್ನೇ ಮಡಿಸಿ ಬಿಡಿಸುವುದು, ಬಟ್ಟೆ ಒಗೆಯುವುದು, ಆಮೇಲೆ ಕಿಟಕಿಯ ಬೆಳಕಿಗೆ ಕೂತು ಹೊಲಿಯುವುದು. ಹೊಲಿದದ್ದನ್ನು ಎತ್ತಿ ತೋರಿಸಿದರೆ ದೊಡ್ಡತ್ತೆ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. "ಹಿಂಬದಿ ತೋರ್ಸು" ಎನ್ನುವಳು. ಹೊಲಿಗೆ ಟೀಚರುಗಳು ಬಟ್ಟೆಯ ಮುಖ ನೋಡಿ ಮೋಸ ಹೋಗುವವರಲ್ಲ. ಗಂಟುಗಳ ಕಾಡನ್ನು ಕಂಡು, "ಏ ಪುಟ್ಟಿ, ಇದನ್ನ ಹೊಲಿದಿದೀಯೋ, ಪಂಚ್ ಮಾಡಿದೀಯೋ?" ಎಂದು ತೊದಲಿಯೇ ಝಾಡಿಸುವಳು. ನರೆತ ಕೂದಲಿನ ಪುಟ್ಟಿ ಕನ್ನಡಕ ಸರಿಪಡಿಸಿಕೊಂಡು ದಾರ ಬಿಚ್ಚುವಳು. ಬೈಗುಳ ಬೆಳೆದಂತೆಲ್ಲ ದೊಡ್ಡತ್ತೆಯ ಮಾತು ಸ್ಪಷ್ಟವಾಯಿತು. ಚಿಕ್ಕತ್ತೆಯ ಮಾತು ಕಡಿಮೆಯಾಯಿತು. ದಣಿವೆಂಬುದು ಹೊರಡುವ ಮಾತೆತ್ತದ ನೆಂಟನಂತೆ ಬಂದು ಅವಳ ಹೆಗಲ ಮೇಲೆ ಕೂತಿತ್ತು. "ಮುಂದೆ?" ಎಂಬ ಪ್ರಶ್ನೆಯನ್ನು ಅವಳು ಯಾವಾಗ ಬಿಟ್ಟಳೆಂದು ನನಗೆ ನೆನಪಿಲ್ಲ. ಬಿಟ್ಟದ್ದಂತೂ ನಿಜ.

ಆದರೆ ಅವಳನ್ನು ನಿಜವಾಗಿ ಕೊರೆದದ್ದು ಕೆಲಸವಲ್ಲ. ತಿಂಗಳ ಕೊನೆಗೆ ಚೌಕವನ್ನು ಬಳಗಕ್ಕೆ ಒಯ್ದು ತೋರಿಸಬೇಕಿತ್ತು. ಬಳಗದ ಯಜಮಾನಿಯನ್ನು ನಾವು ಕತ್ತರಿ ಮೇಡಂ ಎನ್ನುತ್ತಿದ್ದೆವು. ಕೊರಳಲ್ಲಿ ಸದಾ ಒಂದು ಕತ್ತರಿ ತೂಗುತ್ತಿತ್ತು. "ಅಕ್ಕನಿಗೆ ಹುಷಾರಿಲ್ಲ, ಕೊಟ್ಟು ಕಳಿಸಿದಾಳೆ" ಎಂದಷ್ಟೇ ಚಿಕ್ಕತ್ತೆ ಹೇಳುತ್ತಿದ್ದಳು. ಅಕ್ಕನೇ ಹೊಲಿದಳು ಎಂದು ಒಮ್ಮೆಯೂ ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಆ ಸಣ್ಣ ಸತ್ಯವನ್ನು ಹಿಡಿದುಕೊಂಡು ಮನೆಗೆ ಬರುವ ದಾರಿಯಲ್ಲಿ ಅವಳ ಮುಖ ಕಪ್ಪಿಟ್ಟಿರುತ್ತಿತ್ತು.

"ಇನ್ನೊಬ್ಬರ ಪಾಸಿನಲ್ಲಿ ಓಡಾಡೋರನ್ನ ಎಷ್ಟು ಜನರನ್ನ ಇಳಿಸಿದೀನಿ ಗೊತ್ತಾ?" ಎಂದಳು ನನ್ನೊಡನೆ ಒಮ್ಮೆ. "ಈಗ ನಾನೇ ಅಕ್ಕನ ಪಾಸಿನಲ್ಲಿ ಕೂತಿದೀನಿ."

"ಹೇಳಿಬಿಡು ಅತ್ತೆ, ಹೊಲಿಯೋದು ನೀನು ಅಂತ."

"ಹೇಳಿದರೆ ಕೌದಿ ಗೋಡೆಗೆ ಹೋಗಲ್ಲ. ಹೋಗಲ್ಲ ಅಂತ ಗೊತ್ತಾದರೆ ಅವಳು ಮತ್ತೆ ಗೋಡೆ ಕಡೆ ತಿರುಗಿ ಮಲಗ್ತಾಳೆ."



ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಉಳಿದ ಚೌಕಗಳೆಲ್ಲ ಕೂಡಿ ಮೇಜಿನ ಮೇಲೆ ಹರಡಿದ್ದವು; ಕೊನೆಯದು ಮಾತ್ರ ಚಿಕ್ಕತ್ತೆಯ ತೊಡೆಯ ಮೇಲಿತ್ತು. ಅದರ ಮೂಲೆಯಲ್ಲಿ ಹೊಲಿದವರ ಹೆಸರನ್ನು ದಾರದಲ್ಲಿ ಬರೆಯಬೇಕೆಂಬುದು ನಿಯಮ. "ನನ್ನ ಹೆಸರು ಹಾಕು" ಎಂದು ದೊಡ್ಡತ್ತೆ ಆಗಲೇ ಆಜ್ಞಾಪಿಸಿದ್ದಳು. "ಹಾಕ್ತೀನಿ" ಎನ್ನುತ್ತ ಚಿಕ್ಕತ್ತೆ ಮೂಲೆಯೊಂದನ್ನು ಬಿಟ್ಟು ಉಳಿದ ಸಂದುಗಳನ್ನೆಲ್ಲ ತುಂಬುತ್ತಿದ್ದಳು. ಕಣ್ಣು ತೂಗುತ್ತಿತ್ತು, ಕೈ ಮಾತ್ರ ತಾನಾಗಿ ಹೋಗಿ ಬರುತ್ತಿತ್ತು. ಅಕ್ಕ ನೀರು ಕೇಳಿದಾಗ ತಟ್ಟನೆ ಎದ್ದಳು. ಅವಳ ಜೊತೆ ಚೌಕವೂ ಎದ್ದಿತು.

ಚೌಕವನ್ನು ತೊಡೆಯ ಮೇಲಿದ್ದ ಕೋಟಿನ ಮುಂಪದರಕ್ಕೇ ಸೇರಿಸಿ ಹೊಲಿದುಬಿಟ್ಟಿದ್ದಳು. ಒಂದೆರಡು ಕಡೆಯಲ್ಲ; ಅಡ್ಡ, ಉದ್ದ, ಓರೆ, ಆ ಮಧ್ಯಾಹ್ನದ ಹೊಲಿಗೆಯೆಲ್ಲವೂ ಉಣ್ಣೆಯೊಳಕ್ಕೆ ಇಳಿದಿತ್ತು. ನೀರಿನ ಲೋಟ ಹಿಡಿದು, ಹೊಟ್ಟೆಯ ಕೆಳಗೆ ಮಖಮಲ್ಲಿನ ಚೌಕ ತೂಗಾಡಿಸಿಕೊಂಡು ಅವಳು ನಿಂತೇ ಇದ್ದಳು.

"ಬಿಚ್ಚು," ಎಂದಳು ದೊಡ್ಡತ್ತೆ.

"ಇಲ್ಲ ಅಕ್ಕ." ದನಿ ಏರಿರಲಿಲ್ಲ. "ಇನ್ನು ಬಿಚ್ಚಲ್ಲ. ಕೈಲಾಗಲ್ಲ."

ಅಕ್ಕನಿಗೆ ನೀರು ಕುಡಿಸಿದಳು, ಬಾಯಿ ಒರೆಸಿದಳು, ಕೋಟು ಕಳಚಿ ಮೇಜಿನ ಮೇಲೆ ಹರಡಿದಳು, ದೊಡ್ಡ ಕತ್ತರಿ ತೆಗೆದು ಚೌಕದ ಸುತ್ತ ಕೋಟನ್ನೇ ಕತ್ತರಿಸಿದಳು, ಕೆಳಗಿನ ಹಿತ್ತಾಳೆ ಗುಂಡಿಯ ಸಮೇತ. ಗುಂಡಿಯನ್ನಾದರೂ ಕಿತ್ತು ತೆಗೆಯಬಹುದಿತ್ತು. ತೆಗೆಯಲಿಲ್ಲ. ಆಯಾಸಕ್ಕೋ, ಇನ್ನಾವುದಕ್ಕೋ, ನಾನು ಕೇಳಲಿಲ್ಲ. ಮೂಲೆಯಲ್ಲಿ ಹೆಸರನ್ನೂ ಹಾಕದೆ ಚೌಕವನ್ನು ಉಳಿದವುಗಳಿಗೆ ಕೂಡಿಸಿದಳು.

ಮರುದಿನ ವಾಚನಾಲಯದ ಕೋಣೆಯಲ್ಲಿ, ಗಾಲಿಕುರ್ಚಿಯಲ್ಲಿದ್ದ ದೊಡ್ಡತ್ತೆಯನ್ನು ನನ್ನ ಜೊತೆ ಬಾಗಿಲ ಬಳಿ ಬಿಟ್ಟು ಚಿಕ್ಕತ್ತೆ ಕೌದಿ ಒಯ್ದಳು. ಕೋಟಿಲ್ಲದ ಅವಳನ್ನು ಮೊದಲ ಸಲ ನೋಡಿದೆ; ಅಷ್ಟು ಸಣ್ಣ ಹೆಂಗಸೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕತ್ತರಿ ಮೇಡಂ ಕೌದಿ ಬಿಡಿಸಿದರು.

"ಹೆಸರೆಲ್ಲಿ?"

ಅವರೂ ಹೊಲಿಗೆಯ ಜಾತಿಯವರೇ. ಕೌದಿಯನ್ನು ತಿರುವಿ ಹಾಕಿದರು. ಕೆಲಸ ಕಾಣಲೆಂದು ಹಿಂಬದಿಗೆ ಬಟ್ಟೆ ಹಚ್ಚದೆ ತರಬೇಕಿತ್ತು. ಬಿಳಿಯ ಅಡಿಬಟ್ಟೆಗಳ ನಡುವೆ ಒಂದು ಮೂಲೆ ಮಾತ್ರ ಕಪ್ಪಗಿತ್ತು, ಅದರಲ್ಲೊಂದು ಪುಟ್ಟ ಚಕ್ರ ಹೊಳೆಯುತ್ತಿತ್ತು.

"ಇದು ನಿಮ್ಮ ಕೋಟಲ್ವಾ?"

ಸಿಕ್ಕಿಬಿದ್ದವರು ಹೇಳುವ ಎಲ್ಲ ಕಥೆಗಳನ್ನೂ ಕೇಳಿ ಮುಗಿಸಿದ್ದವಳು ಚಿಕ್ಕತ್ತೆ. ಬೇಕಾದರೆ ಅವುಗಳಲ್ಲೊಂದನ್ನು ಆರಿಸಿಕೊಳ್ಳಬಹುದಿತ್ತು. ಅವಳೆಂದಳು: "ಟಿಕೆಟ್ ಅಕ್ಕಂದು. ಪ್ರಯಾಣ ಮಾಡಿದ್ದು ನಾನು. ಮೂರನೇ ಚೌಕದಿಂದ. ಇಳೀತೀನಿ."

ಮೇಡಂ ಒಳ್ಳೆಯವರು, ಆದರೆ ನಿಯಮ ಅವರ ಕತ್ತರಿಯಷ್ಟೇ ಹರಿತ. ಕೌದಿಗೆ ಗೋಡೆಯ ಸಾಲಿನಲ್ಲಿ ಜಾಗ ಸಿಗಲಿಲ್ಲ. "ತಪ್ಪು ತಿಳೀಬೇಡಿ," ಎಂದು ಹೇಳಿ, ಬಾಗಿಲ ಪಕ್ಕ ಕೊಡೆ ತೂಗುಹಾಕುವ ಮೊಳೆಗಳಿಗೆ ತಾವೇ ಅದನ್ನು ಸಿಕ್ಕಿಸಿದರು.

ಚಿಕ್ಕತ್ತೆ ಅಕ್ಕನ ಮುಂದೆ ಬಂದು ನಿಂತಳು. ಹಿಡಿದುಕೊಳ್ಳಲು ಅಲ್ಲಿ ಮೇಜಿನ ಅಂಚಿರಲಿಲ್ಲ. ಕೈಗಳು ಗಾಳಿಯಲ್ಲಿ ತಡಕಿ ಕೆಳಗಿಳಿದವು.

"ಇಳಿಸಿದ್ರಾ?" ಎಂದಳು ದೊಡ್ಡತ್ತೆ.

"ಇಳಿಸಿದ್ರು ಅಕ್ಕ."

"ನಡುದಾರೀಲಿ?"

"ಹೂಂ. ಊರು ಹತ್ತಿರ ಬಂದಾಗ."

ದೊಡ್ಡತ್ತೆಯ ಎದೆಯಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ಉಸಿರು ಸಿಕ್ಕಿಕೊಂಡಿತೆಂದು ನಾನು ಗಾಬರಿಯಾದೆ. ನಗುತ್ತಿದ್ದಳು, ಅರ್ಧ ಮುಖದಿಂದ, ಭುಜ ಕುಣಿಯುವಂತೆ, ಎಷ್ಟೋ ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಿಕೊಳ್ಳುವಂತೆ. ಆಮೇಲೆ ಎಡಗೈಯಿಂದ ಕೌದಿಯ ಅಂಚನ್ನು ಎಳೆದು, ಅಭ್ಯಾಸದಂತೆ ಹಿಂಬದಿಯನ್ನು ತಿರುವಿ, ಕಪ್ಪು ಉಣ್ಣೆಯನ್ನೂ ಗುಂಡಿಯನ್ನೂ ಬೆರಳಿನಿಂದ ಸವರಿ ನೋಡಿದಳು. ಬಿಚ್ಚು ಎನ್ನಲಿಲ್ಲ.

"ಬರೋ ವರ್ಷ ನಿನ್ನ ಹೆಸರಲ್ಲೇ ಟಿಕೆಟ್ ತಗೋ, ಪುಟ್ಟಿ," ಎಂದಳು. ಮತ್ತೆ, ತಂಗಿಯದೇ ದನಿಯಲ್ಲಿ, "ಮುಂದೆ?"

ಚಿಕ್ಕತ್ತೆ ನನ್ನ ಕಡೆ ನೋಡಿದಳು. ಅದು ಸಂತೋಷದ ನೋಟವೆಂದು ಹೇಳಿದರೆ ಸುಳ್ಳಾದೀತು. ಇನ್ನೊಂದು ವರ್ಷದ ಗಂಟುಗಳೆಲ್ಲ ಒಮ್ಮೆಗೇ ಕಣ್ಣಮುಂದೆ ಬಂದವಳ ನೋಟ ಅದು. ಆದರೂ ಸುತ್ತಿ ಬಂದು ಗಾಲಿಕುರ್ಚಿಯ ಹಿಡಿಗೆ ಕೈಹಾಕಿದಳು. ಪಾದ ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಮನೆಯ ಕಡೆ ನೂಕಿದಳು.

ರೈಲಿನಲ್ಲಿ ತನಗೆಂದು ಒಂದು ಸೀಟು ಎಂದೂ ಇರಲಿಲ್ಲವೆಂದು ಅವಳು ಹಿಂದೊಮ್ಮೆ ದೂರಿಲ್ಲದ ದನಿಯಲ್ಲಿ ಹೇಳಿದ್ದಳು. ಇಂಥವರು ನಮ್ಮ ನಡುವೆ ಎಷ್ಟು ಮಂದಿಯೋ. ಇನ್ನೊಬ್ಬರು ಹತ್ತಿದ ಬಂಡಿಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ, ನಿಂತೇ ದೂರ ಸಾಗುತ್ತಾರೆ. ಮುಂಬದಿಯ ಮಖಮಲ್ಲಿನಲ್ಲಿ ಅವರ ಗುರುತೇ ಇರುವುದಿಲ್ಲ. ಅವರು ತ್ಯಾಗಮೂರ್ತಿಗಳಲ್ಲ. ಗೊಣಗುತ್ತಾರೆ, ಬಳಲುತ್ತಾರೆ, ತೂಕಡಿಸುತ್ತಾರೆ, ತೂಕಡಿಕೆಯಲ್ಲಿ ತಮ್ಮನ್ನೇ ಕೆಲಸಕ್ಕೆ ಸೇರಿಸಿ ಹೊಲಿದುಕೊಳ್ಳುತ್ತಾರೆ. ಮತ್ತೆ ಬಿಡಿಸಿಕೊಳ್ಳಲು ಹೊರಟಾಗ ಕತ್ತರಿ ಹಾಕುವುದು ಕೆಲಸಕ್ಕಲ್ಲ, ತಮ್ಮ ಕೋಟಿಗೆ.