ದಮ್ಮು ಕಟ್ಟಿದ ಎಂಜಿನ್ನು

"ಬೋಳಿಮಗ ತಾನೊಬ್ಬನೇ ಸಾಯ್ಲಿಲ್ಲ, ನನ್ನ ದೋಣೀನೂ ಕೆಡಿಸಿಟ್ಟು ಸತ್ತ! ಲೇ ಮೆಕ್ಯಾನಿಕ್, ಕಿವಿ ಸತ್ತಿದೆಯೇನೋ? ಸಂಜೆಯೊಳಗೆ ಇದು ಓಡ್ಬೇಕು."

ಧಣಿ ದಡದ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಕೆಳಗೆ ಎಂಜಿನ್ ಗುಂಡಿಯಲ್ಲಿ, ಎಣ್ಣೆ ಬೆರೆತ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ "ಹ್ಞೂಂ" ಎಂದ. ಸತ್ತವನು ಮೆಕ್ಯಾನಿಕ್‌ನ ಹೆಂಡತಿಯ ತಮ್ಮ, ಆ ದೋಣಿಯ ಚಾಲಕ. ಮಣ್ಣು ಮಾಡಿ ಎರಡೇ ದಿನವಾಗಿತ್ತು.

ಸತ್ತ ದಿನ ಅವನು ಧಣಿಯ ಹನ್ನೊಂದು ಮಂದಿ ನೆಂಟರನ್ನು ಸುತ್ತಾಡಿಸಿ ವಾಪಸು ಬರುತ್ತಿದ್ದ. ಬಂಡೆಸಾಲಿನ ಹತ್ತಿರ ದೋಣಿ ದಮ್ಮು ಕಳೆದುಕೊಂಡಿತು. ಎಂಜಿನ್ ಆಫ್ ಆಗಲಿಲ್ಲ, ಗುರುಗುಡುತ್ತಲೇ ಇತ್ತು. ಅಲೆಯನ್ನು ತಳ್ಳುವ ಕಸುವು ಮಾತ್ರ ಇರಲಿಲ್ಲ. ಅವನು ಹಗ್ಗ ಹಿಡಿದು ಬಂಡೆಗೆ ಹಾರಿದ, ಬಿಗಿದ, ದೋಣಿಯ ಮೂತಿ ತಿರುಗಿಸಿದ. ಹನ್ನೊಂದು ಮಂದಿಯೂ ಕಾಲು ಒದ್ದೆಯಾಗದೆ ಮನೆ ಸೇರಿದರು. ಅವನು ದೋಣಿಗೂ ಬಂಡೆಗೂ ನಡುವೆ ಸಿಕ್ಕಿಕೊಂಡ.

ಮೆಕ್ಯಾನಿಕ್ ಬೆಳಗಿನಿಂದ ಹುಡುಕುತ್ತಿದ್ದ. ನೀರಿಗಿಳಿದು ದೋಣಿ ತಳ್ಳುವ ಫ್ಯಾನು ತಡವಿ ನೋಡಿದ್ದ. ಬಲೆಯ ಚೂರು ಸಿಕ್ಕಿಕೊಂಡಿರಲಿಲ್ಲ, ರೆಕ್ಕೆ ಸೊಟ್ಟಗಾಗಿರಲಿಲ್ಲ. ಗಾಳಿಯ ಫಿಲ್ಟರ್ ಚೊಕ್ಕಟವಾಗಿತ್ತು. ದೋಣಿಯನ್ನು ಕಂಬಕ್ಕೆ ಕಟ್ಟಿ ಗೇರು ಹಾಕಿ ವೇಗ ಏರಿಸಿದ. ಅರ್ಧದವರೆಗೆ ಏರಿತು, ಆಮೇಲೆ ಏದುಸಿರು ಬಿಡುತ್ತ ಕುಸಿಯಿತು. ಡೀಸೆಲ್ ಒತ್ತಡ ನೋಡುವ ಗೇಜಿನ ಮುಳ್ಳೂ ಅದರ ಜೊತೆಗೇ ಕೆಳಗೆ ಬಿತ್ತು. ಹಳೇ ಕಾಲದ ಎಂಜಿನ್ನಾಗಿದ್ದರೆ ಕೊಟ್ಟಿದ್ದನ್ನು ಕುಡಿದು ಕೆಮ್ಮುತ್ತಲಾದರೂ ದಡ ಮುಟ್ಟಿಸುತ್ತಿತ್ತು. ಇದು ಹೊಸ ಬಗೆಯ ಇಂಜೆಕ್ಷನ್ನಿನದು. ಕೂದಲೆಳೆಯಂಥ ತೂತಿನಲ್ಲಿ ಡೀಸೆಲ್ ಚಿಮ್ಮಬೇಕು. ಒತ್ತಡ ಬಿದ್ದರೆ ಕೈಕಟ್ಟಿ ಕೂರುತ್ತದೆ.

ಟ್ಯಾಂಕಿನ ಪೈಪು ಬಿಚ್ಚಿ, ಬೇರೆ ಕ್ಯಾನಿನ ಶುದ್ಧ ಡೀಸೆಲ್ ಕೊಟ್ಟು ನೋಡಿದ. ಎಂಜಿನ್ ಒಮ್ಮೆಗೇ ಅಬ್ಬರಿಸಿತು, ಕಂಬಕ್ಕೆ ಕಟ್ಟಿದ ಹಗ್ಗ ಕಿರ್ರೆಂದಿತು. ಹಾಗಾದರೆ ಎಂಜಿನ್ ಸರಿಯಿದೆ, ಪಂಪೂ ಸರಿಯಿದೆ. ಬರುತ್ತಿರುವುದೇ ಸರಿಯಿಲ್ಲ. ನೀರು ತಡೆಯುವ ಫಿಲ್ಟರ್ ಬಿಚ್ಚಿದ. ಒಳಗಿನ ಕಾಗದ ನೀರು ಕುಡಿದು ಹೆಣದ ಹಾಗೆ ಊದಿತ್ತು. ಫಿಲ್ಟರಿನ ಕೆಳಗಿನ ಬಟ್ಟಲಲ್ಲಿದ್ದದ್ದು ಡೀಸೆಲ್ ಅಲ್ಲ, ತುಕ್ಕಿನ ಬಣ್ಣದ ಕೊಳೆನೀರು.

ಬಟ್ಟಲ ತಳದಿಂದ ಒಂದು ತಂತಿ ಹೊರಟಿತ್ತು. ನೀರು ಸೇರಿದರೆ ಚಾಲಕನ ಮುಂದೆ ಕೂಗಿ ಎಚ್ಚರಿಸುವ ತಂತಿ. ಅದರ ತುದಿ ಕತ್ತರಿಸಿ, ಕಪ್ಪು ಟೇಪು ಸುತ್ತಿ, ಪೈಪಿನ ಹಿಂದೆ ಸಿಕ್ಕಿಸಲಾಗಿತ್ತು.

ಆ ಟೇಪು ಸುತ್ತಿದವನು ಮೆಕ್ಯಾನಿಕ್ಕೇ. ಎರಡು ತಿಂಗಳ ಹಿಂದೆ.

"ದೊಡ್ಡೋರು ಕೂತಿದ್ದಾಗ ಕೀಂ ಕೀಂ ಅಂತ ಬಾಯಿ ಬಡ್ಕೊಳ್ತು ಕಣೋ, ಮಾನ ಹೋಯ್ತು. ಕಿತ್ತಾಕು ಅದನ್ನ," ಎಂದಿದ್ದ ಧಣಿ.

"ಟ್ಯಾಂಕಿಗೆ ನೀರಿಳೀತಿದೆ ಧಣಿ. ಮುಚ್ಚಳ, ಫಿಲ್ಟರ್ ಎರಡೂ ಬದ್ಲಾಯಿಸ್ಬೇಕು."

"ನಿನ್ನಪ್ಪಂದಾ ದೋಣಿ? ಕಿತ್ತಾಕು ಅಂದ್ರೆ ಕಿತ್ತಾಕು."

ಕಿತ್ತಿದ್ದ. ಮರುದಿನ ಭಾವಮೈದ ಕೇಳಿದ್ದ: "ಭಾವಾ, ಇದ್ಯಾಕೆ ಸುಮ್ನಾಗೋಯ್ತು?"

"ಸರಿಹೋಯ್ತು ಕಣೋ," ಎಂದಿದ್ದ ಇವನು, ಮುಖ ನೋಡದೆ.

ಗುಂಡಿಯಲ್ಲಿ ಕೂತಲ್ಲೇ ಅವನು ತಂತಿ ಎಳೆದು, ಟೇಪನ್ನು ಹಲ್ಲಿನಿಂದ ಬಿಚ್ಚಿದ. ಮುಂಗೈಯಿಂದ ಬಾಯಿ ಒರೆಸಿಕೊಂಡ, ಎಣ್ಣೆ ನಾಲಿಗೆಗೆ ಹತ್ತಿತು. ಬಟ್ಟಲಲ್ಲಿದ್ದದ್ದನ್ನು ಒಂದು ಗಾಜಿನ ಜಾಡಿಗೆ ಸುರಿದುಕೊಂಡು ಮೇಲೆ ಹತ್ತಿದ. ಧಣಿ ಕಟ್ಟೆಯ ಮೇಲಿರಲಿಲ್ಲ. ಬಂದರಿನ ಕಚೇರಿಗೆ ಹೋಗಿದ್ದ.

ಕಚೇರಿಯಲ್ಲಿ ಅಧಿಕಾರಿಯ ಮೇಜಿನ ಮುಂದೆ ಮೂರು ಕುರ್ಚಿ. ಒಂದರಲ್ಲಿ ಧಣಿ, ಒಂದರಲ್ಲಿ ಧಣಿಯ ಟೋಪಿ. ಮೂರನೆಯದು ಖಾಲಿ. ಮೆಕ್ಯಾನಿಕ್‌ನ ಅತ್ತೆ, ಸತ್ತವನ ತಾಯಿ, ಗೋಡೆಗೆ ಒರಗಿ ನಿಂತಿದ್ದಳು. ನಲವತ್ತು ವರ್ಷ ಮೀನು ಸೀಳಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಕಪಾಟಿನ ಮೇಲೆ ಮಗನ ಬಟ್ಟೆಯ ಗಂಟು ಇತ್ತು.

"ಒಂದು ಹೆಬ್ಬೆಟ್ಟು ಒತ್ತಮ್ಮ, ಗಂಟು ತಗೊಂಡು ಹೋಗು," ಅಧಿಕಾರಿ ಹೇಳುತ್ತಿದ್ದ. "ಎಷ್ಟೊತ್ತು ನಿಲ್ತೀಯ?"

"ಏನ್ ಬರ್ದಿದ್ದೀರಿ ಸಾರ್?" ಬಾಗಿಲಲ್ಲೇ ಮೆಕ್ಯಾನಿಕ್ ಕೇಳಿದ.

"ನಿನಗ್ಯಾಕೋ?"

ಅವನು ಒಳಗೆ ಬಂದು, ಬಗ್ಗಿ, ಮೇಜಿನ ಮೇಲಿನ ಕಾಗದವನ್ನು ತನಗೆ ಬರುವಷ್ಟು ಓದಿದ. "ಅತ್ತೆ, ನಿಮ್ಮ ಮಗ ಕುಡಿದು ದೋಣಿ ಓಡಿಸ್ದ ಅಂತ ಬರ್ದವ್ರೆ."

ಜಾಡಿಯನ್ನು ಕಾಗದದ ಮೇಲೇ ಇಟ್ಟ.

"ಥೂ, ಏನೋ ಈ ನಾತ! ತೆಗಿ!" ಎಂದ ಅಧಿಕಾರಿ.

"ಕುಡಿದಿದ್ದು ಇದನ್ನ ಸಾರ್. ಎಂಜಿನ್ನು. ಅವನಲ್ಲ. ನೀರು ಸೇರಿದ್ರೆ ಕೂಗೋಕೆ ಒಂದು ತಂತಿ ಇರುತ್ತೆ. ಅದನ್ನ ಕತ್ತರಿಸಿದ್ರು."

"ಯಾರು?"

"ನಾನೇ. ಧಣಿ ಹೇಳಿದ್ರು, ನಾನು ಕತ್ತರಿಸ್ದೆ."

ಧಣಿ ತೊಡೆ ತಟ್ಟಿ ನಕ್ಕ. "ಕೇಳಿಸ್ಕೊಂಡ್ರಾ ಸಾರ್? ಕಳ್ಳ ತಾನೇ ಒಪ್ಕೊಂಡ."

"ನಿನ್ನನ್ನೇ ಒಳಗೆ ಹಾಕ್ಬೇಕಾಗುತ್ತೆ ಕಣೋ," ಎಂದ ಅಧಿಕಾರಿ.

"ಹಾಕಿ. ಹೇಳಿದ್ಯಾರು ಅನ್ನೋದನ್ನೂ ಬರೀರಿ."

ಅತ್ತೆ ಗೋಡೆ ಬಿಟ್ಟು ಮುಂದೆ ಬಂದಳು. ಅಳಿಯನ ಮುಖವನ್ನೇ ನೋಡಿದಳು.

"ನೀನಾ?"

"ಹ್ಞೂಂ, ಅತ್ತೆ."

"ಅವನಿಗೆ ಗೊತ್ತಿತ್ತಾ?"

"ಇಲ್ಲ. ಕೇಳ್ದ. ಸರಿಹೋಯ್ತು ಅಂತ ಸುಳ್ಳು ಹೇಳ್ದೆ."

ಅಷ್ಟರಲ್ಲಿ ಧಣಿ ಎದ್ದು ಅವಳ ಕೈ ಹಿಡಿದೆಳೆದು ಹೆಬ್ಬೆರಳನ್ನು ಮಸಿಗೆ ಅದ್ದಿದ. ಕಾಗದದ ಹತ್ತಿರ ತರುವಷ್ಟರಲ್ಲಿ ಅವಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದಳು. ಧಣಿ ಬೆರಳುಗಳನ್ನು ಬಿಡಿಸಲು ನೋಡಿದ. ಅಧಿಕಾರಿಯೂ ಎದ್ದು ಬಂದ. ಆಗಲಿಲ್ಲ.

"ಕೈ ಬಿಡೋ ಹಲ್ಕಟ್ ನನ್ಮಗನೇ," ಎಂದಳು ಮುದುಕಿ, ಮೆಲ್ಲಗೆ. "ನನ್ನ ಕೂಸು ಕುಡ್ದಿರ್ಲಿಲ್ಲ."

ಗಂಟಿನ ಕಡೆ ಒಮ್ಮೆ ನೋಡಿದಳು. ಕೈ ಚಾಚಲಿಲ್ಲ. ಬೆರಳುಗಳ ಸಂದಿಯಿಂದ ಮಸಿ ಇಳಿಯುತ್ತಿದ್ದಂತೆಯೇ ಹೊಸ್ತಿಲು ದಾಟಿದಳು. ಮೆಕ್ಯಾನಿಕ್ ಹಿಂದೆಯೇ ಹೆಜ್ಜೆಯಿಟ್ಟ.

"ನೀನು ನನ್ನ ಹಿಂದೆ ಬರ್ಬೇಡ," ಎಂದಳು, ತಿರುಗಿ ನೋಡದೆ.

ಅವನು ಹೊಸ್ತಿಲಲ್ಲೇ ನಿಂತ. ಅವಳು ಬೀದಿಯ ತಿರುವು ದಾಟುವ ತನಕ ನೋಡಿದ. ಆಮೇಲೆ ಒಳಗೆ ಬಂದು, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಆ ಖಾಲಿ ಕುರ್ಚಿಯಲ್ಲಿ ಕೂತ.

"ಏಳೋ ಮೇಲೆ!" ಅಧಿಕಾರಿ ಗುಡುಗಿದ.

"ಮೊದ್ಲಿಂದ ಹೇಳ್ತೀನಿ ಸಾರ್. ಬರ್ಕೊಳಿ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. ಮೆಕ್ಯಾನಿಕ್ ಏಳಲಿಲ್ಲ.